ತಲೆನೋವಿನ ಬೇರು ಕತ್ತಿನಲ್ಲಿದೆಯೇ? ಪತ್ತೆ ಹಚ್ಚುವ ದಾರಿ

"ಕತ್ತು ಹಿಡಿದ ದಿನವೇ ತಲೆನೋವೂ ಬರುತ್ತದೆ. ಎಕ್ಸ್‌ರೇ ತೆಗೆಸಿದರೆ ಎಲುಬು ಸವೆದಿದೆ ಎಂದರು. ಹಾಗಾದರೆ ನನ್ನದು ಮೈಗ್ರೇನ್ ಅಲ್ಲವೇ?" ಓದುಗರು ಬಿಡದೆ ಕೇಳುವ ಪ್ರಶ್ನೆ ಇದು. ಧಾರವಾಡದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಹುಬ್ಬಳ್ಳಿಯ ಕಚೇರಿಗಳಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಮನೆಯವರು, ಹೀಗೆ ಕೇಳುವವರು ಬೇರೆ ಬೇರೆಯಾದರೂ ಸಂಶಯ ಒಂದೇ.

ಕತ್ತಿನ ತೊಂದರೆಯಿಂದ ತಲೆನೋವು ಬರುವುದು ನಿಜ. ಆದರೆ ಮೈಗ್ರೇನ್ ಬಂದಾಗ ಕತ್ತು ನೋಯುವುದು ಅದಕ್ಕಿಂತ ಎಷ್ಟೋ ಪಾಲು ಸಾಮಾನ್ಯ. ಎರಡೂ ಜೊತೆಗಿರುವವರೂ ಇದ್ದಾರೆ. ಆದ್ದರಿಂದ ಕತ್ತು ನೋಯುತ್ತಿದೆ ಎಂಬ ಒಂದೇ ಕಾರಣಕ್ಕೆ ಅದರ ಮೇಲೆ ತಪ್ಪು ಹೊರಿಸಿ, ಕೊರಳಿಗೆ ಪಟ್ಟಿ ಕಟ್ಟಿಕೊಂಡು ವರ್ಷ ಕಳೆಯಬೇಡಿ. ಮೈಗ್ರೇನ್ ಇದ್ದವರು ಹೀಗೆ ಮಾಡಿದರೆ ಸಿಗಬೇಕಾದ ಔಷಧಿ ಸಿಗುವುದು ತಡವಾಗುತ್ತದೆ.

ಗೊಂದಲ ಹುಟ್ಟುವುದಕ್ಕೆ ನಮ್ಮ ಶರೀರದ ರಚನೆಯೇ ಕಾರಣ. ಕತ್ತಿನಲ್ಲಿ ಏಳು ಎಲುಬುಗಳಿವೆ. ಮೇಲಿನ ಮೂರರ ಸುತ್ತಲಿನ ಕೀಲು ಮತ್ತು ಸ್ನಾಯುಗಳ ನೋವನ್ನು ಹೊರುವ ನರಗಳೂ, ಹಣೆ, ಕಣ್ಣು, ಕಪಾಲದ ಸಂವೇದನೆ ಹೊರುವ ಟ್ರೈಜೆಮಿನಲ್ ಎಂಬ ನರವೂ ಮಿದುಳುಬಳ್ಳಿಯ ಮೇಲ್ಭಾಗದ ಒಂದೇ ನರಕೋಶಗಳ ಗುಂಪಿಗೆ ಬಂದು ಸೇರುತ್ತವೆ. ಎರಡು ಓಣಿಗಳ ನೀರು ಒಂದೇ ಕಾಲುವೆಗೆ ಬಿದ್ದ ಮೇಲೆ ಯಾವುದು ಎಲ್ಲಿಯದೆಂದು ಹೇಳಲಾಗದಂತೆ, ಕತ್ತಿನ ಕೀಲಿನ ನೋವನ್ನು ಮಿದುಳು ಕಣ್ಣಿನ ಹಿಂದಿನ ನೋವೆಂದು ಓದಿಕೊಳ್ಳುತ್ತದೆ. ಇದರ ತಿರುವುಮುರುವೂ ನಡೆಯುತ್ತದೆ: ಮೈಗ್ರೇನ್ ಕೆರಳಿದಾಗ ಹೆಡತಲೆ ಮತ್ತು ಕತ್ತು ಬಿಗಿಯುತ್ತವೆ. ಕತ್ತಿನಿಂದ ಹುಟ್ಟುವ ತಲೆನೋವಿಗೆ ವೈದ್ಯರು "ಸರ್ವೈಕೋಜೆನಿಕ್ ಹೆಡೇಕ್" ಎನ್ನುತ್ತಾರೆ. 1983ರಲ್ಲಿ ನಾರ್ವೆಯ ನರರೋಗ ತಜ್ಞ ಓಟ್ಟಾರ್ ಸ್ಯೋಸ್ಟಾಡ್ ಮತ್ತು ಸಂಗಡಿಗರು ಕೊಟ್ಟ ಹೆಸರು ಅದು. ನಿಮ್ಮ ಚೀಟಿಯಲ್ಲಿ ಆ ಹೆಸರು ಕಂಡರೆ ಹೊಸ ಭಯಂಕರ ರೋಗವೆಂದು ಗಾಬರಿಯಾಗಬೇಡಿ.

ನಿಮ್ಮ ತಲೆನೋವು ಕತ್ತಿನದೋ ಮೈಗ್ರೇನೋ ಎಂದು ಪತ್ತೆ ಹಚ್ಚಲು ಬೇಕಾದದ್ದು ಗೋಡೆಯ ಕ್ಯಾಲೆಂಡರ್, ಒಂದು ಪೆನ್ನು, ಒಂದು ತೆಳ್ಳಗಿನ ಟವೆಲ್ ಮತ್ತು ನಾಲ್ಕು ವಾರಗಳ ತಾಳ್ಮೆ.

1. ಮೊದಲು ಅಪಾಯದ ಲಕ್ಷಣಗಳಿಲ್ಲ ಎಂದು ಖಚಿತಪಡಿಸಿಕೊಳ್ಳಿ

ಮುಂದೆ ಹೇಳುವ ಯಾವುದಾದರೂ ಒಂದು ಇದ್ದರೂ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಸಿಡಿಲು ಬಡಿದಂತೆ ಒಂದೆರಡು ನಿಮಿಷದೊಳಗೆ ತುತ್ತತುದಿಗೇರುವ ತಲೆನೋವು. ಜ್ವರದ ಜೊತೆಗೆ ಗದ್ದವನ್ನು ಎದೆಗೆ ತಾಗಿಸಲಾಗದಷ್ಟು ಕತ್ತಿನ ಬಿಗಿತ. ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಎರಡೆರಡಾಗಿ ಕಾಣುವುದು. ಬೈಕಿನಿಂದ ಬಿದ್ದ ಮೇಲೆ, ಇಲ್ಲವೇ ಕತ್ತನ್ನು ಯಾರಾದರೂ ಜೋರಾಗಿ ತಿರುವಿದ ಮೇಲೆ ಹೊಸದಾಗಿ ಶುರುವಾದ ಕತ್ತು ಮತ್ತು ತಲೆನೋವು. ಇಂಥ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ.

ಇನ್ನು ಕೆಲವು ಅಷ್ಟು ತುರ್ತಲ್ಲದಿದ್ದರೂ ಮುಂದೂಡಬಾರದವು. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವು ಅವುಗಳಲ್ಲಿ ಮುಖ್ಯ. ಅದರ ಜೊತೆಗೆ ಕಣತಲೆ ಮುಟ್ಟಿದರೆ ನೋಯುವುದು, ರೊಟ್ಟಿ ಅಗಿಯುವಾಗ ದವಡೆ ಸೋಲುವುದು, ದೃಷ್ಟಿ ಮಸುಕಾಗುವುದು ಇದ್ದರೆ ಅದು ರಕ್ತನಾಳದ ಉರಿಯೂತ ಇರಬಹುದು. ಚಿಕಿತ್ಸೆ ತಡವಾದರೆ ಕಣ್ಣೇ ಹೋಗಬಹುದಾದ್ದರಿಂದ ಅದೇ ದಿನ ತೋರಿಸಿ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡಿಗೆ ಓಲಾಡುವುದು, ಮೂತ್ರದ ಹಿಡಿತ ತಪ್ಪುವುದು ಮಿದುಳುಬಳ್ಳಿ ಒತ್ತಿಗೆ ಸಿಕ್ಕಿರುವುದರ ಸೂಚನೆಯಾಗಿರಬಹುದು. ಕೆಮ್ಮಿದಾಗ, ಬಗ್ಗಿದಾಗ, ಮಲಗಿದಾಗ ಹೆಚ್ಚುವ ಹೊಸ ನೋವು, ಗರ್ಭಿಣಿ ಅಥವಾ ಬಾಣಂತಿಗೆ ಹೊಸದಾಗಿ ಬಂದ ನೋವು, ಕ್ಯಾನ್ಸರ್ ಚಿಕಿತ್ಸೆ ಆದವರಿಗೆ ಬಂದ ನೋವು, ಇವೂ ಇದೇ ಸಾಲಿಗೆ ಸೇರುತ್ತವೆ.

2. ನಾಲ್ಕು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಇದನ್ನು ಬಿಟ್ಟು ಮುಂದೆ ಹಾರುವವರೇ ಹೆಚ್ಚು. "ವಾರದಲ್ಲಿ ಎಷ್ಟು ದಿನ ನೋಯುತ್ತದೆ?" ಎಂದು ವೈದ್ಯರು ಕೇಳಿದಾಗ "ಯಾವಾಗಲೂ" ಎಂದುಬಿಟ್ಟರೆ ಅವರಿಗೂ ದಾರಿ ಕಾಣುವುದಿಲ್ಲ.

ಅಡುಗೆಮನೆಯ ಗೋಡೆಗೆ ಪಂಚಾಂಗದ ಕ್ಯಾಲೆಂಡರ್ ಇದ್ದೇ ಇರುತ್ತದೆ. ತಲೆನೋವು ಬಂದ ದಿನದ ಚೌಕದಲ್ಲಿ "ತ" ಎಂದು ಬರೆಯಿರಿ. ಎಡಕ್ಕೋ ಬಲಕ್ಕೋ ಎಂಬುದಕ್ಕೆ "ಎ" ಅಥವಾ "ಬ", ಎರಡೂ ಕಡೆಯಾದರೆ ಎರಡನ್ನೂ. ವಾಕರಿಕೆ ಬಂದರೆ "ವಾ". ಬೆಳಕು ಬೇಡ, ಮಿಕ್ಸರಿನ ಸದ್ದು ಬೇಡ ಎನ್ನಿಸಿದರೆ ಒಂದು ನಕ್ಷತ್ರ. ಗುಳಿಗೆ ನುಂಗಿದರೆ "ಗು", ಅದರ ಪಕ್ಕ ಎಷ್ಟೆಂಬ ಸಂಖ್ಯೆ. ಹೆಂಗಸರು ಮುಟ್ಟಿನ ದಿನಗಳನ್ನೂ ಗುರುತಿಸಬೇಕು. ನೋವು ಶುರುವಾದ ಹೊತ್ತು ಮತ್ತು ಬಿಟ್ಟ ಹೊತ್ತು ಬರೆಯಲು ಜಾಗ ಸಾಲದಿದ್ದರೆ ಹಿಂಬದಿಯ ಖಾಲಿ ಜಾಗವನ್ನು ಬಳಸಿ.

ಇನ್ನೊಂದು ಸಂಗತಿ, ಎಲ್ಲಕ್ಕಿಂತ ಬೆಲೆಯುಳ್ಳದ್ದು: ಮೊದಲು ಬಂದದ್ದು ಯಾವುದು? ಕತ್ತು ಬಿಗಿದು ಒಂದೆರಡು ತಾಸಿನ ಮೇಲೆ ತಲೆನೋವು ಬಂತೇ, ಅಥವಾ ಎರಡೂ ಒಟ್ಟಿಗೆ ಎದ್ದವೇ? ಆದರೆ ಇಲ್ಲೊಂದು ಮೋಸವಿದೆ. ಮೈಗ್ರೇನ್ ಬರುವ ಮುನ್ನ, ಕೆಲವು ತಾಸುಗಳಿಂದ ಹಿಡಿದು ಒಂದೆರಡು ದಿನ ಮೊದಲೇ, ಕೆಲವರಿಗೆ ಆಕಳಿಕೆ, ಸಿಡುಕು, ಸಿಹಿ ತಿನ್ನುವ ಆಸೆಯ ಜೊತೆಗೆ ಕತ್ತು ಬಿಗಿಯುವುದೂ ಉಂಟು. ಅಂಥವರು "ಕತ್ತು ಹಿಡಿದದ್ದರಿಂದಲೇ ತಲೆನೋವು ಬಂತು" ಎಂದು ಪ್ರಮಾಣ ಮಾಡಿ ಹೇಳುತ್ತಾರೆ. ಆಕಳಿಕೆ ಮತ್ತು ಸಿಡುಕನ್ನೂ ಬರೆದಿಟ್ಟರೆ ಈ ಮೋಸ ಬಯಲಾಗುತ್ತದೆ. ಸಿಡುಕಿನ ಲೆಕ್ಕವನ್ನು ಮನೆಯವರಿಂದ ಬರೆಸಿದರೆ ಹೆಚ್ಚು ಸರಿಯಾಗಿರುತ್ತದೆ.

3. ಗುರುತುಗಳನ್ನು ನೋಡಿ ಬಗೆ ತಿಳಿಯಿರಿ

ಕತ್ತಿನ ತಲೆನೋವು ಸಾಮಾನ್ಯವಾಗಿ ಒಂದೇ ಬದಿಗೆ ಕಟ್ಟುಬಿದ್ದಿರುತ್ತದೆ. ಈ ತಿಂಗಳು ಬಲಕ್ಕೆ ಬಂದರೆ ಮುಂದಿನ ತಿಂಗಳೂ ಬಲಕ್ಕೇ. ಹೆಡತಲೆಯಿಂದ ಎದ್ದು ಕಿವಿಯ ಮೇಲೆ ಹಾದು ಕಣ್ಣಿನವರೆಗೆ ಬರುತ್ತದೆ. ಅದೇ ಬದಿಯ ಭುಜವೂ ಜಗ್ಗುತ್ತದೆ. ಮಿಡಿಯುವುದಕ್ಕಿಂತ ಹೆಚ್ಚಾಗಿ ಒಂದೇ ಸಮನೆ ಕೊರೆಯುತ್ತದೆ. ಕತ್ತನ್ನು ಒಂದು ಭಂಗಿಯಲ್ಲಿ ಬಹಳ ಹೊತ್ತು ಇಟ್ಟರೆ ಅಥವಾ ಒಂದು ಕಡೆಗೆ ತಿರುಗಿಸಿದರೆ ಬರುತ್ತದೆ ಇಲ್ಲವೇ ಜೋರಾಗುತ್ತದೆ.

ಮೈಗ್ರೇನ್ ಹೆಚ್ಚಿನವರಲ್ಲಿ ಮಿಡಿಯುವ ನೋವು. ಔಷಧಿ ತೆಗೆದುಕೊಳ್ಳದಿದ್ದರೆ 4ರಿಂದ 72 ತಾಸು ಇರುತ್ತದೆ. ಮೆಟ್ಟಿಲು ಹತ್ತಿದರೆ, ಓಡಾಡಿದರೆ ಹೆಚ್ಚುತ್ತದೆ. ರೋಗಿ ಕತ್ತಲೆ ಕೋಣೆ ಹುಡುಕುತ್ತಾನೆ. ವಾಕರಿಕೆ ಇರುತ್ತದೆ, ಅಥವಾ ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲ. ಬದಿ ಬದಲಾಗುವುದು ಸಾಮಾನ್ಯ. ಕೆಲವರಿಗೆ ನೋವಿಗೆ ಮುನ್ನ ಕಣ್ಣ ಮುಂದೆ ಮಿನುಗುವ ಅಂಕುಡೊಂಕು ಗೆರೆಗಳು ಕಾಣುತ್ತವೆ. ಇದಕ್ಕೆ ಆರಾ ಎನ್ನುತ್ತಾರೆ. ಹಸಿವು, ನಿದ್ದೆಗೇಡು, ಮುಟ್ಟು, ಬಿಸಿಲು, ಘಾಟು ಇದನ್ನು ಕೆರಳಿಸುತ್ತವೆ. ಏಕಾದಶಿಯ ಮರುದಿನವೇ ಬರುವ ತಲೆನೋವನ್ನು ನಮ್ಮ ಕಡೆ "ಪಿತ್ತ ಏರಿದೆ" ಎಂದು ಬಿಟ್ಟುಬಿಡುವುದು ರೂಢಿ; ವಾಂತಿಯಾದ ಮೇಲೆ ಹಗುರಾಗುವ ಇಂಥ "ಪಿತ್ತದ ತಲೆನೋವು" ಬಹಳ ಸಲ ಮೈಗ್ರೇನೇ ಆಗಿರುತ್ತದೆ.

ಮೂರನೆಯದು ಒತ್ತಡದ ತಲೆನೋವು. ತಲೆಯ ಸುತ್ತ ರುಮಾಲು ಬಿಗಿದಂತೆ ಎರಡೂ ಬದಿಗೆ ಇರುತ್ತದೆ, ವಾಂತಿ ಇರುವುದಿಲ್ಲ, ಕೆಲಸ ನಿಲ್ಲುವುದಿಲ್ಲ. ಇದರಲ್ಲೂ ಕತ್ತಿನ ಸ್ನಾಯುಗಳು ಮುಟ್ಟಿದರೆ ನೋಯುತ್ತವೆ.

4. ಕತ್ತು ಎಷ್ಟು ತಿರುಗುತ್ತದೆ, ನೋಡಿಕೊಳ್ಳಿ

ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂತು, ಭುಜ ಅಲ್ಲಾಡಿಸದೆ ತಲೆಯನ್ನು ನಿಧಾನ ಬಲಕ್ಕೆ ತಿರುಗಿಸಿ, ಆಮೇಲೆ ಎಡಕ್ಕೆ. ಗದ್ದ ಎರಡೂ ಕಡೆ ಭುಜದ ನೇರಕ್ಕೆ ಸಮನಾಗಿ ಬರುತ್ತದೆಯೇ ಎಂದು ಮನೆಯವರು ಎದುರು ನಿಂತು ನೋಡಲಿ, ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ತಲೆನೋವು ಇಲ್ಲದ ದಿನವೂ ಒಂದು ಕಡೆ ಸ್ಪಷ್ಟವಾಗಿ ಕಡಿಮೆ ತಿರುಗಿದರೆ, ಹಾಗೆ ತಿರುಗಿಸಿದಾಗ ನಿಮ್ಮ ಪರಿಚಿತ ತಲೆನೋವೇ ಏಳುವುದಾದರೆ, ಕತ್ತಿನ ಮೇಲಿನ ಸಂಶಯ ಗಟ್ಟಿಯಾಗುತ್ತದೆ. ನೋವಿರುವ ದಿನ ಮಾತ್ರ ಬಿಗಿದು, ಮರುದಿನ ಸಲೀಸಾಗಿ ತಿರುಗಿದರೆ ಮೈಗ್ರೇನಿನ ಕಡೆಗೆ ತಕ್ಕಡಿ ವಾಲುತ್ತದೆ.

ಫಿಸಿಯೋಥೆರಪಿಸ್ಟ್ ಮಾಡುವ ಪರೀಕ್ಷೆ ಇನ್ನಷ್ಟು ನಿಖರ. ನಿಮ್ಮನ್ನು ಅಂಗಾತ ಮಲಗಿಸಿ, ಕತ್ತನ್ನು ಪೂರ್ತಿ ಮುಂದಕ್ಕೆ ಬಗ್ಗಿಸಿ, ಹಾಗೆಯೇ ಎಡಬಲಕ್ಕೆ ತಿರುಗಿಸುತ್ತಾರೆ. ಕತ್ತಿನ ತಿರುಗಾಟದ ಹೆಚ್ಚುಕಡಿಮೆ ಅರ್ಧ ಪಾಲು ನಡೆಯುವುದು ಮೊದಲ ಎರಡು ಎಲುಬುಗಳ ನಡುವೆ. ಹೀಗೆ ಬಗ್ಗಿಸಿದಾಗ ಕೆಳಗಿನ ಕೀಲುಗಳು ಬಿಗಿದುಕೊಂಡು ಅದೊಂದೇ ಕೀಲಿನ ಪರೀಕ್ಷೆಯಾಗುತ್ತದೆ. ಆರೋಗ್ಯವಂತರಲ್ಲಿ ಪ್ರತಿ ಬದಿಗೆ ಸುಮಾರು 40ರಿಂದ 45 ಡಿಗ್ರಿ ತಿರುಗುತ್ತದೆ. ಒಂದು ಬದಿಗೆ 30ರ ಆಸುಪಾಸಿಗೆ ಇಳಿದಿದ್ದರೆ ಆ ಕೀಲು ಬಿಗಿದಿದೆ ಎಂದರ್ಥ. ಇದನ್ನು ಮನೆಯಲ್ಲಿ ತಮ್ಮನಿಂದಲೋ ಗೆಳೆಯನಿಂದಲೋ ಮಾಡಿಸಿಕೊಳ್ಳಬೇಡಿ. ಸಂಧಿವಾತ ಇರುವವರು, ಇತ್ತೀಚೆಗೆ ಪೆಟ್ಟು ಬಿದ್ದವರು, ಕತ್ತು ತಿರುಗಿಸಿದರೆ ತಲೆ ಸುತ್ತುವವರು ವೈದ್ಯರನ್ನು ಕೇಳದೆ ಯಾವ ಪರೀಕ್ಷೆಗೂ ಕತ್ತು ಕೊಡಬಾರದು.

ಎಕ್ಸ್‌ರೇ ಬಗ್ಗೆ ಹೇಳಿಬಿಡುತ್ತೇನೆ. ನಡುವಯಸ್ಸು ದಾಟಿದವರ ಕತ್ತಿನ ಎಕ್ಸ್‌ರೇಯಲ್ಲಿ ಸವೆತ ಕಾಣುವುದು ತೀರಾ ಸಾಮಾನ್ಯ. ಒಂದು ದಿನವೂ ತಲೆ ನೋಯದವರಲ್ಲೂ ಅದು ಇರುತ್ತದೆ. ಅದರ ಹೆಸರು ಸ್ಪಾಂಡಿಲೋಸಿಸ್. ವರದಿಯಲ್ಲಿ ಆ ಶಬ್ದ ಇದ್ದ ಮಾತ್ರಕ್ಕೆ ತಲೆನೋವಿನ ಕಾರಣ ಸಿಕ್ಕಿತು ಎಂದಲ್ಲ. ಮೊದಲನೆಯ ಹಂತದ ಲಕ್ಷಣಗಳಿಲ್ಲದವರು ತಾವಾಗಿಯೇ ಎಂ.ಆರ್.ಐ. ಮಾಡಿಸಲು ಓಡಿ ಸಾವಿರಾರು ರೂಪಾಯಿ ಸುರಿಯುವ ಅಗತ್ಯವಿಲ್ಲ.

5. ಗುಳಿಗೆಗಳನ್ನು ಎಣಿಸಿ

ಕ್ಯಾಲೆಂಡರಿನ "ಗು"ಗಳನ್ನು ಕೂಡಿಸಿ. ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್‌ನಂಥ ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಎರಡು-ಮೂರು ಔಷಧಿ ಕೂಡಿಸಿದ ಗುಳಿಗೆಯನ್ನೋ ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಗುಳಿಗೆಯನ್ನೋ 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೇಲ್ಪಟ್ಟು ನುಂಗುತ್ತಿದ್ದರೆ ಗುಳಿಗೆಯೇ ತಲೆನೋವು ತರುತ್ತಿರಬಹುದು. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ತಲೆನೋವಿನ ಗುಳಿಗೆಗಳಲ್ಲಿ ಕೆಫೀನ್ ಬೆರೆಸಿದವೂ ಇರುತ್ತವೆ. ಅವು ಎರಡನೆಯ ಲೆಕ್ಕಕ್ಕೆ ಸೇರುತ್ತವೆ. ಇಂಥ ಸ್ಥಿತಿಯಲ್ಲಿ ಬೆಳಗ್ಗೆ ಏಳುವಾಗಲೇ ತಲೆ ಭಾರ, ಕತ್ತು ಬಿಗಿ. ಕತ್ತಿಗೆ ಎಷ್ಟು ಉಪಚಾರ ಮಾಡಿದರೂ ಗುಣ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಹಾಗೆಂದು ಇವತ್ತೇ ಎಲ್ಲ ಎಸೆಯಬೇಡಿ. ಬಿಟ್ಟ ಮೊದಲ ದಿನಗಳಲ್ಲಿ ನೋವು ಹೆಚ್ಚುತ್ತದೆ. ವೈದ್ಯರ ಜೊತೆ ಮಾತಾಡಿ ಬಿಡುವ ಕ್ರಮ ಗೊತ್ತುಮಾಡಿಕೊಳ್ಳಿ.

6. ಕೆಲಸದ ಭಂಗಿಯನ್ನು ಬದಲಿಸಿ

ಮೊಬೈಲ್ ನೋಡಲು ತಲೆ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋ ಭಾರ ಬೀಳುತ್ತದೆ ಎಂಬ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು. ಅದು 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದ ಅಂಕಿ. ಮನುಷ್ಯರ ಕತ್ತಿನಲ್ಲಿ ಅಳೆದದ್ದಲ್ಲ. ಕತ್ತು ಇರುವುದೇ ಬಗ್ಗಲು. ತೊಂದರೆಯಿರುವುದು ಬಗ್ಗಿದ ಕತ್ತು ತಾಸುಗಟ್ಟಲೆ ಅಲ್ಲಾಡದೆ ನಿಲ್ಲುವುದರಲ್ಲಿ.

ಹಾಗೆ ನಿಲ್ಲುವ ಕೆಲಸಗಳು ನಮ್ಮ ಭಾಗದಲ್ಲಿ ಒಂದೆರಡಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ನೆಲದ ಮೇಲೆ ಕೂತು ತೊಟ್ಟು ಬಿಡಿಸುವವರ ಗದ್ದ ಎದೆಗೆ ಅಂಟಿಕೊಂಡೇ ಇರುತ್ತದೆ. ಸುಮಾರು ಒಂದು ಗೇಣು ಎತ್ತರದ ಮಣೆಯ ಮೇಲೆ ಕೂರದೆ, ಕಾಯಿಯ ಬುಟ್ಟಿಯನ್ನೇ ಆ ಮಣೆಯ ಮೇಲಿಟ್ಟುಕೊಂಡರೆ ಬಗ್ಗುವುದು ಎಷ್ಟೋ ಕಡಿಮೆಯಾಗುತ್ತದೆ. ಧಾರವಾಡದ ಕಸೂತಿ ಹಾಕುವವರು ಎಳೆ ಎಣಿಸಿ ಹೊಲಿಯಬೇಕು. ಬಟ್ಟೆಯನ್ನು ತೊಡೆಯ ಮೇಲಲ್ಲ, ತೊಡೆಯ ಮೇಲಿಟ್ಟ ದಿಂಬಿನ ಮೇಲೆ ಹಿಡಿದು, ಬೆಳಕನ್ನು ಎಡಭುಜದ ಕಡೆಯಿಂದ ಬೀಳುವಂತೆ ಮಾಡಿಕೊಳ್ಳಿ. ಗದಗ-ಬೆಟಗೇರಿಯ ಮಗ್ಗದವರಿಗೆ, ಖಾನಾವಳಿಯಲ್ಲಿ ನೂರಾರು ರೊಟ್ಟಿ ಬಡಿಯುವವರಿಗೆ ಕೆಲಸದ ಎತ್ತರ ಬದಲಿಸುವುದು ಸುಲಭವಲ್ಲ. ಅವರು ಅರ್ಧ ತಾಸಿಗೊಮ್ಮೆ ಎದ್ದು ನಿಂತು ಭುಜಗಳನ್ನು ಹಿಂದಕ್ಕೆ ಐದಾರು ಸಲ ತಿರುಗಿಸಿದರೂ ಲಾಭವಿದೆ. ಓದುವವರು ಪುಸ್ತಕವನ್ನು ಓರೆಹಲಗೆಯ ಮೇಲಿಡಿ. ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಪೇರಿಸಿ ಬೇರೆ ಕೀಲಿಮಣೆ ಜೋಡಿಸಿ.

ಎರಡು ಮಸೂರದ ಕನ್ನಡಕ ಹಾಕುವವರಿಗೆ ತದ್ವಿರುದ್ಧದ ಕಾಟ. ಕೆಳಗಿನ ಮಸೂರದಿಂದ ಪರದೆ ನೋಡಲು ಗದ್ದ ಎತ್ತಿ ಎತ್ತಿ ಕತ್ತಿನ ಮೇಲ್ಭಾಗವೇ ಹಿಸುಕಿದಂತಾಗುತ್ತದೆ. ಪರದೆಯನ್ನು ಕೆಳಗಿಳಿಸಿ, ಇಲ್ಲವೇ ಕಂಪ್ಯೂಟರಿಗೆಂದೇ ಒಂದು ಕನ್ನಡಕ ಮಾಡಿಸಿ. ಚಿಗರಿ ಬಸ್ಸಿನಲ್ಲಿ ನಿತ್ಯ ಹುಬ್ಬಳ್ಳಿ-ಧಾರವಾಡ ಓಡಾಡುವವರು ತೂಕಡಿಸುವಾಗ ತಲೆ ಒಂದೇ ಬದಿಗೆ ಜೋತು ಬೀಳುವುದನ್ನು ಗಮನಿಸಿ. ಕಿಟಕಿಯ ಬದಿ ಕೂತು ಆಸರೆ ಪಡೆಯಿರಿ. ರಾತ್ರಿ ಎರಡು ದಿಂಬು ಬೇಡ. ಕೌದಿ ಮಡಿಸಿ ತಲೆಗಿಟ್ಟುಕೊಳ್ಳುವುದಾದರೆ, ಮಗ್ಗುಲಾಗಿ ಮಲಗಿದಾಗ ಮೂಗು ಮತ್ತು ಎದೆಯ ನಡುಭಾಗ ಒಂದೇ ಗೆರೆಯಲ್ಲಿರುವಷ್ಟು ದಪ್ಪಕ್ಕೆ ಮಡಿಸಿ. ಬೋರಲಾಗಿ ಮಲಗುವ ಅಭ್ಯಾಸ ಬಿಡಿ.

7. ವ್ಯಾಯಾಮ: ಕಡಿಮೆ ಬಲ, ಹೆಚ್ಚು ದಿನ

ಕತ್ತಿನ ಒಳಗೆ, ಎಲುಬಿಗೆ ಅಂಟಿಕೊಂಡಂತೆ ಸಣ್ಣ ಸ್ನಾಯುಗಳಿವೆ. ಅವು ಸೋತಾಗ ಹೊರಗಿನ ದೊಡ್ಡ ಸ್ನಾಯುಗಳು ಅವುಗಳ ಕೆಲಸವನ್ನೂ ಹೊತ್ತು ಬಿಗಿಯುತ್ತವೆ. ಒಳಗಿನವನ್ನು ಎಬ್ಬಿಸುವುದೇ ಇಲ್ಲಿನ ಉದ್ದೇಶ.

ಅಂಗಾತ ಮಲಗಿ. ತಲೆಯ ಕೆಳಗೆ ಮಡಿಸಿದ ಟವೆಲ್, ಮೊಣಕಾಲು ಮಡಚಿರಲಿ. ತಲೆಯನ್ನು ಎತ್ತದೆ, "ಹೂಂ" ಎನ್ನುವಾಗ ಆಡಿಸುವಷ್ಟೇ ಗದ್ದವನ್ನು ಗಂಟಲಿನ ಕಡೆಗೆ ಇಳಿಸಿ. ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ಸ್ನಾಯುವಿನ ಮೇಲೆ ಎರಡು ಬೆರಳು ಇಟ್ಟುಕೊಂಡಿರಿ. ಅದು ಹಗ್ಗದಂತೆ ಉಬ್ಬಿದರೆ ನೀವು ಬಲ ಹೆಚ್ಚು ಹಾಕಿದ್ದೀರಿ ಎಂದರ್ಥ. ಅದು ಮೆತ್ತಗೇ ಇರುವಷ್ಟು ಸಣ್ಣ ಚಲನೆ ಸಾಕು. ಹತ್ತು ಸೆಕೆಂಡು ಹಿಡಿದು ಬಿಡಿ, ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಉಸಿರು ಕಟ್ಟಬಾರದು. "ಇದೇನು, ಏನೂ ಮಾಡಿದಂತೆಯೇ ಅನ್ನಿಸುವುದಿಲ್ಲ" ಎಂದು ದೂರುವವರೇ ಸಾಮಾನ್ಯವಾಗಿ ಸರಿಯಾಗಿ ಮಾಡುತ್ತಿರುತ್ತಾರೆ.

ಎರಡನೆಯದು ಭುಜದ ರೆಕ್ಕೆಗಳಿಗೆ. ನೇರ ಕೂತು ಎರಡೂ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಮತ್ತು ಕೆಳಕ್ಕೆ ಎಳೆದು ಹತ್ತು ಸೆಕೆಂಡು ಹಿಡಿಯಿರಿ; ಭುಜ ಕಿವಿಯ ಕಡೆ ಏರಬಾರದು. ಇದೂ ಹತ್ತು ಸಲ.

2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಕತ್ತಿನ ತಲೆನೋವಿನ 200 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ ನೋಡಿದರು. ಆರು ವಾರ ಇಂಥ ವ್ಯಾಯಾಮ ಮಾಡಿದವರಲ್ಲೂ, ಫಿಸಿಯೋಥೆರಪಿಸ್ಟ್ ಕೈಯಿಂದ ಕೀಲು ಸಡಿಲಿಸಿಕೊಂಡವರಲ್ಲೂ ತಲೆನೋವು ಕಡಿಮೆಯಾಯಿತು, ವರ್ಷದ ನಂತರವೂ ಆ ಗುಣ ಉಳಿದಿತ್ತು. ಅಂದರೆ ಮೂರು ದಿನ ಮಾಡಿ ಬಿಟ್ಟು "ಉಪಯೋಗವಿಲ್ಲ" ಎನ್ನುವಂತಿಲ್ಲ. ಮೈಗ್ರೇನ್ ಭರದಲ್ಲಿರುವ ದಿನ ಮಾತ್ರ ವ್ಯಾಯಾಮ ಬೇಡ. ಕೈಗೆ ಜುಮ್ಮೆನ್ನುವುದು, ತಲೆ ಸುತ್ತುವುದು ಶುರುವಾದರೆ ನಿಲ್ಲಿಸಿ ತೋರಿಸಿ.

ಈಗ ಮಾಡಬಾರದ್ದು. ಕ್ಷೌರದಂಗಡಿಯಲ್ಲಿ ಗದ್ದ ಮತ್ತು ತಲೆ ಹಿಡಿದು ಲಟಕ್ಕನೆ ನೆಟಿಗೆ ಮುರಿಸಿಕೊಳ್ಳುವುದನ್ನು ಇವತ್ತೇ ಬಿಡಿ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಎಲುಬುಗಳ ರಂಧ್ರಗಳ ಮೂಲಕವೇ ಹಾದು ಹೋಗುತ್ತವೆ. ಹಠಾತ್ ತಿರುವಿನಿಂದ ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಅಪರೂಪ, ನಿಜ, ಆದರೆ ಆದವರಲ್ಲಿ ಹರೆಯದವರೂ ಇದ್ದಾರೆ. ಕೊರಳಪಟ್ಟಿಯನ್ನು ವೈದ್ಯರು ಹೇಳಿದ ದಿನಗಳಿಗಿಂತ ಹೆಚ್ಚು ಕಟ್ಟಬೇಡಿ, ಸ್ನಾಯುಗಳು ಮತ್ತಷ್ಟು ಸೋಲುತ್ತವೆ. ಎಣ್ಣೆ ಹಚ್ಚಿ ಹಗುರಾಗಿ ತಿಕ್ಕುವುದಕ್ಕೂ ಬಿಸಿನೀರಿನ ಶಾಖಕ್ಕೂ ಅಡ್ಡಿಯಿಲ್ಲ, ಹಾಯೆನಿಸುತ್ತದೆ.

8. ಯಾರಿಗೆ ತೋರಿಸಬೇಕು, ಏನು ಕೇಳಬೇಕು

ನಾಲ್ಕು ವಾರದ ಕ್ಯಾಲೆಂಡರ್ ಹಾಳೆಯನ್ನು ಹರಿದುಕೊಂಡೇ ಹೋಗಿ. ಮೊದಲು ನಿಮ್ಮ ಮಾಮೂಲಿ ವೈದ್ಯರು. ಅವರು ಬೇಕೆಂದರೆ ನರರೋಗ ತಜ್ಞರು. ಹುಬ್ಬಳ್ಳಿಯಲ್ಲಿ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಗದಗ ಮತ್ತು ಹಾವೇರಿಯವರು ಮೊದಲು ತಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ತೋರಿಸಬಹುದು. ತಜ್ಞರು ಕೂರುವ ವಾರ ಮತ್ತು ಹೊತ್ತನ್ನು ಮೊದಲೇ ವಿಚಾರಿಸಿ ಹೊರಟರೆ ಬಸ್ಸಿನ ಖರ್ಚು ಉಳಿಯುತ್ತದೆ.

"ಇದು ಕತ್ತಿನದೋ ಮೈಗ್ರೇನೋ ಎಂದು ಹೇಗೆ ತೀರ್ಮಾನಿಸಿದಿರಿ?" ಎಂದು ಕೇಳಲು ಸಂಕೋಚ ಬೇಡ. ತೀರಾ ಬಗೆಹರಿಯದಿದ್ದಾಗ ತಜ್ಞರು ಕತ್ತಿನ ಒಂದು ನರದ ಬಳಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ನೋಡುವುದುಂಟು. ಅದರಿಂದ ತಲೆನೋವು ಮಾಯವಾದರೆ ಕತ್ತಿನ ಪಾತ್ರಕ್ಕೆ ಬಲವಾದ ಪುರಾವೆ ಸಿಕ್ಕಂತೆ.

ಮೈಗ್ರೇನ್ ಎಂದಾದರೆ, ಪದೇ ಪದೇ ಬರುವವರಿಗೆ ತಡೆಯುವ ಔಷಧಿಯನ್ನು ದಿನವೂ ಕೊಡುತ್ತಾರೆ. ಅದರಲ್ಲಿ ಪ್ರೊಪ್ರನೊಲಾಲ್ ಒಂದು. "ನನಗೆ ಬಿ.ಪಿ. ಇಲ್ಲ, ಬಿ.ಪಿ. ಗುಳಿಗೆ ಯಾಕೆ ಕೊಟ್ಟರು?" ಎಂದು ಔಷಧಿ ಅಂಗಡಿಯವರ ಮಾತು ಕೇಳಿ ಬಿಟ್ಟುಬಿಡುವವರು ಬಹಳ. ರಕ್ತದೊತ್ತಡಕ್ಕೆ ಬಳಸುವ ಆ ಗುಳಿಗೆ ಮೈಗ್ರೇನನ್ನೂ ತಡೆಯುತ್ತದೆ. ಉಬ್ಬಸ ಇರುವವರು ಮಾತ್ರ ಅದನ್ನು ವೈದ್ಯರಿಗೆ ಮೊದಲೇ ಹೇಳಲೇಬೇಕು. ಇಂಥ ಔಷಧಿಗಳ ಗುಣ ತಿಳಿಯಲು ಎರಡು-ಮೂರು ತಿಂಗಳು ಹಿಡಿಯುತ್ತದೆ. ಆದ್ದರಿಂದ ಗುಳಿಗೆ ಶುರುಮಾಡಿದ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತಿಸಿ, "ತ" ಮತ್ತು "ಗು" ಬರೆಯುವುದನ್ನು ಮುಂದಿನ ಭೇಟಿಯವರೆಗೂ ನಿಲ್ಲಿಸಬೇಡಿ.